ಶಂಕರ್ ನಾಗ್

ಶಂಕರ್ ನಾಗ್ (ನವೆಂಬರ್ 9, 1954 – ಸೆಪ್ಟೆಂಬರ್ 30, 1990) ಕನ್ನಡದ ನಟ, ಚಲನಚಿತ್ರ ಹಾಗೂ ಕಿರುತೆರೆ ನಿರ್ದೇಶಕ ಮತ್ತು ರಂಗಕರ್ಮಿ. ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದವರಾದ ಇವರು ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಮೂಲಕ ದೇಶದಾದ್ಯಂತ ಪರಿಚಿತರಾದರು. ಸುಮಾರು ಹನ್ನೆರಡು ವರ್ಷಗಳ ವೃತ್ತಿಜೀವನದಲ್ಲಿ ಇವರು ಎಂಬತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು.

ಜನನ ಮತ್ತು ಆರಂಭಿಕ ಜೀವನ

ಇವರ ಪೂರ್ಣ ಹೆಸರು ಶಂಕರ್ ನಾಗರಕಟ್ಟೆ. ತಂದೆ ಸದಾನಂದ ನಾಗರಕಟ್ಟೆ, ತಾಯಿ ಆನಂದಿ. ನಟ ಅನಂತ್ ನಾಗ್ ಇವರ ಅಣ್ಣ. ಕುಮಟಾ, ಹೊನ್ನಾವರ ಮತ್ತು ಭಟ್ಕಳದ ಕರಾವಳಿಯಲ್ಲಿ ನೆಲೆಸಿರುವ ಅನೇಕ ಕುಟುಂಬಗಳಂತೆ ಇವರ ಮನೆಮಾತೂ ಕೊಂಕಣಿ. ವಿದ್ಯಾಭ್ಯಾಸದ ನಂತರ ಮುಂಬಯಿಗೆ ತೆರಳಿದ ಶಂಕರ್, ಬ್ಯಾಂಕಿನಲ್ಲಿ ಉದ್ಯೋಗ ಮಾಡುತ್ತಲೇ ಮರಾಠಿ ರಂಗಭೂಮಿಯಲ್ಲಿ ತೊಡಗಿಕೊಂಡರು. ಅಲ್ಲಿಯೇ ಪರಿಚಯವಾದ ರಂಗನಟಿ ಅರುಂಧತಿಯವರನ್ನು ಮುಂದೆ ವಿವಾಹವಾದರು. '22 ಜೂನ್ 1897' ಎಂಬ ಮರಾಠಿ ಚಿತ್ರದ ಬರವಣಿಗೆಯಲ್ಲಿಯೂ ಇವರ ಪಾಲಿದೆ.

ಚಲನಚಿತ್ರ ರಂಗ

ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದ ಗಂಡುಗಲಿಯ ಪಾತ್ರ ಇವರನ್ನು ಕನ್ನಡ ಚಿತ್ರರಂಗಕ್ಕೆ ತಂದಿತು. ಈ ಪಾತ್ರಕ್ಕಾಗಿ 1979ರ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ದೊರೆಯಿತು. 'ಆಟೋ ರಾಜ' (1980) ಚಿತ್ರವು ಇವರನ್ನು ಆಟೋ ಚಾಲಕರ ಅಚ್ಚುಮೆಚ್ಚಿನ ನಟನನ್ನಾಗಿಸಿತು. ಇಂದಿಗೂ ಕರ್ನಾಟಕದ ಅನೇಕ ಆಟೋರಿಕ್ಷಾಗಳ ಹಿಂಬದಿಯಲ್ಲಿ ಇವರ ಚಿತ್ರವನ್ನು ಕಾಣಬಹುದು. 'ಸಾಂಗ್ಲಿಯಾನ' (1988) ಮತ್ತು ಅದರ ಎರಡನೆಯ ಭಾಗದಲ್ಲಿ ಇವರು ಪೊಲೀಸ್ ಅಧಿಕಾರಿಯ ಪಾತ್ರ ನಿರ್ವಹಿಸಿದರು.

'ಮಿಂಚಿನ ಓಟ' (1980) ಇವರು ನಿರ್ದೇಶಿಸಿದ ಮೊದಲ ಚಿತ್ರ. ಇಳಯರಾಜಾ ಅವರ ಸಂಗೀತವಿದ್ದ 'ಗೀತಾ' (1981) ಚಿತ್ರದ ಹಾಡುಗಳು ಇಂದಿಗೂ ಜನಪ್ರಿಯ. 'ಆ್ಯಕ್ಸಿಡೆಂಟ್' ಚಿತ್ರದಲ್ಲಿ ಶ್ರೀಮಂತ ರಾಜಕಾರಣಿಯ ಮಗನೊಬ್ಬನ ಕಾರು ಬೀದಿಬದಿಯಲ್ಲಿ ಮಲಗಿದ್ದವರ ಮೇಲೆ ಹರಿಯುತ್ತದೆ. ಪ್ರಭಾವದಿಂದ ಮುಚ್ಚಿಹೋಗುತ್ತಿದ್ದ ಆ ಪ್ರಕರಣವನ್ನು ಬಯಲಿಗೆಳೆಯಲು ಯತ್ನಿಸುವ ಪತ್ರಕರ್ತನಾಗಿ ಸ್ವತಃ ಶಂಕರ್ ನಟಿಸಿದ್ದಾರೆ. ಈ ಚಿತ್ರವು ಸಾಮಾಜಿಕ ವಿಷಯ ಕುರಿತ ಚಿತ್ರಗಳ ವಿಭಾಗದಲ್ಲಿ ರಾಷ್ಟ್ರ ಪ್ರಶಸ್ತಿ ಪಡೆಯಿತು. ಡಾ. ರಾಜ್‌ಕುಮಾರ್ ಅಭಿನಯದ 'ಒಂದು ಮುತ್ತಿನ ಕಥೆ' (1987) ಜಾನ್ ಸ್ಟೈನ್‌ಬೆಕ್ ಅವರ ಕಿರುಕಾದಂಬರಿಯನ್ನು ಆಧರಿಸಿದೆ.

ಆ ಕಾಲದಲ್ಲಿ ಕನ್ನಡ ಚಿತ್ರಗಳು ಧ್ವನಿಮುದ್ರಣದಂತಹ ತಾಂತ್ರಿಕ ಕೆಲಸಗಳಿಗೆ ಬಹುಮಟ್ಟಿಗೆ ಮದರಾಸನ್ನು ಅವಲಂಬಿಸಿದ್ದವು. ಈ ಅವಲಂಬನೆಯನ್ನು ತಪ್ಪಿಸುವ ಉದ್ದೇಶದಿಂದ ಇವರು ಬೆಂಗಳೂರಿನಲ್ಲಿ 'ಸಂಕೇತ್' ಧ್ವನಿಮುದ್ರಣ ಸ್ಟುಡಿಯೋವನ್ನು ಸ್ಥಾಪಿಸಿದರು. ಇದೇ ಹೆಸರಿನ ನಾಟಕ ತಂಡವನ್ನೂ ನಡೆಸಿದರು.

ಮಾಲ್ಗುಡಿ ಡೇಸ್

1986ರಲ್ಲಿ ದೂರದರ್ಶನದಲ್ಲಿ ಪ್ರಸಾರ ಆರಂಭಿಸಿದ 'ಮಾಲ್ಗುಡಿ ಡೇಸ್' ಇವರ ಅತ್ಯಂತ ಪ್ರಸಿದ್ಧ ಕೃತಿ. ನಾರಾಯಣ್ ಅವರ ಮಾಲ್ಗುಡಿ ಕಾಲ್ಪನಿಕ ಊರು. ಅದಕ್ಕೆ ರೂಪ ಕೊಡಲು ಶಂಕರ್ ಆರಿಸಿಕೊಂಡದ್ದು ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಆಗುಂಬೆಯನ್ನು. ಸ್ವಾಮಿಯ ಪಾತ್ರವನ್ನು ಮಾಸ್ಟರ್ ಮಂಜುನಾಥ್, ಆತನ ತಂದೆಯ ಪಾತ್ರವನ್ನು ಗಿರೀಶ್ ಕಾರ್ನಾಡ್, ತಾಯಿಯ ಪಾತ್ರವನ್ನು ವೈಶಾಲಿ ಕಾಸರವಳ್ಳಿ ನಿರ್ವಹಿಸಿದರು. ಸಿಹಿತಿಂಡಿ ವ್ಯಾಪಾರಿ ಜಗನ್ ಆಗಿ ಅನಂತ್ ನಾಗ್ ನಟಿಸಿದರು. ಎಲ್. ವೈದ್ಯನಾಥನ್ ಸಂಗೀತ ನೀಡಿದರೆ, ಲೇಖಕರ ತಮ್ಮನೇ ಆದ ಆರ್. ಕೆ. ಲಕ್ಷ್ಮಣ್ ರೇಖಾಚಿತ್ರಗಳನ್ನು ಒದಗಿಸಿದರು.

ಧಾರಾವಾಹಿಯ ಭಾಷೆ ಮುಖ್ಯವಾಗಿ ಹಿಂದಿಯಾದರೂ ತೆರೆಯ ಮೇಲೆ ಕಾಣುವ ಮನೆ, ಜಗಲಿ, ಬೀದಿಗಳು ಕರ್ನಾಟಕದವು. ನಟರಲ್ಲಿ ಹೆಚ್ಚಿನವರು ಕನ್ನಡ ರಂಗಭೂಮಿ ಹಾಗೂ ಚಿತ್ರರಂಗದಿಂದ ಬಂದವರು. ದೇಶದಲ್ಲಿ ದೂರದರ್ಶನವೊಂದೇ ವಾಹಿನಿಯಾಗಿದ್ದ ಆ ದಿನಗಳಲ್ಲಿ ಕನ್ನಡ ನಾಡಿನ ಕಲಾವಿದರು ಭಾರತದ ಮೂಲೆಮೂಲೆಯ ಮನೆಗಳನ್ನು ತಲುಪಲು ಇದು ಕಾರಣವಾಯಿತು. 2006ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಧಾರಾವಾಹಿಯ ಹೊಸ ಕಂತುಗಳು ತಯಾರಾದವು.

ನಿಧನ

1990ರ ಸೆಪ್ಟೆಂಬರ್ 30ರಂದು 'ಜೋಕುಮಾರಸ್ವಾಮಿ' ಚಿತ್ರದ ಚಿತ್ರೀಕರಣಕ್ಕಾಗಿ ಪ್ರಯಾಣಿಸುತ್ತಿದ್ದಾಗ ದಾವಣಗೆರೆ ಬಳಿಯ ಆನಗೋಡಿನಲ್ಲಿ ಸಂಭವಿಸಿದ ರಸ್ತೆ ಅಪಘಾತದಲ್ಲಿ ಶಂಕರ್ ನಾಗ್ ನಿಧನರಾದರು. ಆಗ ಅವರಿಗೆ 35 ವರ್ಷ ವಯಸ್ಸು. ಜೊತೆಯಲ್ಲಿದ್ದ ಪತ್ನಿ ಅರುಂಧತಿಯವರು ತೀವ್ರವಾಗಿ ಗಾಯಗೊಂಡರೂ ಬದುಕುಳಿದರು.

ಸ್ಮರಣೆ

ಸುಸಜ್ಜಿತ ರಂಗಮಂದಿರವೊಂದನ್ನು ಕಟ್ಟಬೇಕೆಂಬುದು ಶಂಕರ್ ಅವರ ಕನಸಾಗಿತ್ತು. ಅರುಂಧತಿ ನಾಗ್ ಅವರ ದೀರ್ಘಕಾಲದ ಪ್ರಯತ್ನದಿಂದ 2004ರಲ್ಲಿ ಬೆಂಗಳೂರಿನ ಜೆ. ಪಿ. ನಗರದಲ್ಲಿ 'ರಂಗಶಂಕರ' ಆರಂಭವಾಯಿತು. ಇಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ನಾಟಕಗಳು ವರ್ಷವಿಡೀ ಪ್ರದರ್ಶನಗೊಳ್ಳುತ್ತವೆ.