ಆಕಾಶದ ಹೊಡೆತಕ್ಕೆ ತಂತಿಯೇ ದಾರಿ

1962ರ ಜುಲೈ 8ರ ರಾತ್ರಿ 11 ಗಂಟೆಗೆ ಹವಾಯಿಯ ಹೊನೊಲುಲು ನಗರದಲ್ಲಿ ಸುಮಾರು 300 ಬೀದಿದೀಪಗಳು ಆರಿಹೋದವು. ಕಳ್ಳರಿಲ್ಲದ ಕಡೆಯೂ ಕಳ್ಳರ ಅಲಾರಂ ಹೊಡೆದುಕೊಂಡಿತು. ಇದಕ್ಕೆ ಕಾರಣವಾದ ಘಟನೆ ನಡೆದದ್ದು ಸುಮಾರು 1,400 ಕಿ.ಮೀ. ದೂರದ ಜಾನ್‌ಸ್ಟನ್ ದ್ವೀಪದ ನೆತ್ತಿಯ ಮೇಲೆ. ಅಮೆರಿಕ ಅಲ್ಲಿ 1.4 ಮೆಗಾಟನ್ ಶಕ್ತಿಯ ಬಾಂಬನ್ನು ರಾಕೆಟ್ಟಿನಲ್ಲಿ ಕಳಿಸಿ, 400 ಕಿ.ಮೀ. ಎತ್ತರದಲ್ಲಿ ಸಿಡಿಸಿತ್ತು. ಪರೀಕ್ಷೆಯ ಹೆಸರು ‘ಸ್ಟಾರ್‌ಫಿಶ್ ಪ್ರೈಮ್’. ಹೊನೊಲುಲುವಿನ ಜನ ಆಕಾಶ ಕೆಂಪಾದದ್ದನ್ನು ಕಂಡರು. ಸ್ಫೋಟದ ಗಾಳಿಯಾಗಲಿ ಬಿಸಿಯಾಗಲಿ ಅವರನ್ನು ಮುಟ್ಟಲಿಲ್ಲ. ಮುಟ್ಟಿದ್ದು ವಿದ್ಯುತ್ಕಾಂತೀಯ ಸ್ಪಂದನ, ಎಂಜಿನಿಯರುಗಳ ಬಾಯಲ್ಲಿ ‘ಇಎಂಪಿ’.

ಬಾಂಬಿನಿಂದ ಹೊರಟ ಗಾಮಾ ಕಿರಣಗಳು ನೆಲದಿಂದ 20-40 ಕಿ.ಮೀ. ಎತ್ತರದಲ್ಲಿರುವ ಗಾಳಿಗೆ ಬಡಿದಾಗ ಅಲ್ಲಿನ ಅಣುಗಳಿಂದ ಎಲೆಕ್ಟ್ರಾನುಗಳು ಕಿತ್ತು ಬರುತ್ತವೆ. ಭೂಮಿಯ ಕಾಂತಕ್ಷೇತ್ರ ಇವನ್ನೆಲ್ಲ ಒಟ್ಟಿಗೇ ಒಂದೇ ಕಡೆಗೆ ತಿರುಗಿಸುತ್ತದೆ. ಹಾಗೆ ತಿರುಗುವಾಗ ಅವು ಹೊಮ್ಮಿಸುವ ರೇಡಿಯೊ ಅಲೆಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡ ಹೊಡೆತವಾಗುತ್ತವೆ. ಮೀಟರಿಗೆ 50,000 ವೋಲ್ಟ್ ಎಂಬುದು ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿಯುವ ಗರಿಷ್ಠ ಮಟ್ಟ. ಬಂದು ಹೋಗುವುದೆಲ್ಲ ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಆಸುಪಾಸಿನಲ್ಲಿ. ಈ ಮೊದಲ ಹೊಡೆತದ ಗುರಿ ಎಲೆಕ್ಟ್ರಾನಿಕ್ ಚಿಪ್‌ಗಳು, ಕಂಟ್ರೋಲ್ ರೂಮಿನ ರಿಲೇಗಳು, ಕಂಪ್ಯೂಟರುಗಳು. ಎರಡನೆಯ ಹಂತ ಹೆಚ್ಚುಕಡಿಮೆ ಸಿಡಿಲಿನಂಥದ್ದು, ಅದನ್ನು ತಡೆಯುವ ಅಭ್ಯಾಸ ನಮಗಿದೆ. ಮೂರನೆಯದು ನಿಧಾನ, ಸೆಕೆಂಡುಗಳಿಂದ ನಿಮಿಷಗಳವರೆಗೆ ಎಳೆಯುತ್ತದೆ. ಅದರ ಬಲ ಕಿಲೋಮೀಟರಿಗೆ ಹತ್ತಾರು ವೋಲ್ಟ್ ಅಷ್ಟೆ.

ಹತ್ತಾರು ವೋಲ್ಟ್ ತಾನೇ ಎಂದು ತಳ್ಳಿಹಾಕುವಂತಿಲ್ಲ, ಏಕೆಂದರೆ ಹೈಟೆನ್ಷನ್ ಲೈನು ನೂರಾರು ಕಿಲೋಮೀಟರು ಉದ್ದವಿರುತ್ತದೆ. ಅದರ ಎರಡು ತುದಿಗಳಲ್ಲಿ ದೈತ್ಯ ಟ್ರಾನ್ಸ್‌ಫಾರ್ಮರುಗಳು, ಅವುಗಳ ನ್ಯೂಟ್ರಲ್ ನೆಲಕ್ಕೆ ಅರ್ಥಿಂಗ್ ಆಗಿರುತ್ತದೆ. ಹೀಗೆ ಲೈನು, ಟ್ರಾನ್ಸ್‌ಫಾರ್ಮರು, ನೆಲ ಸೇರಿ ಒಂದು ಪೂರ್ಣ ಸರ್ಕ್ಯೂಟ್. ಉದ್ದಕ್ಕೂ ಕೂಡಿಬಂದ ವೋಲ್ಟೇಜು ಅದರಲ್ಲಿ ಕರೆಂಟು ಹರಿಸುತ್ತದೆ, ಅದೂ ಹೆಚ್ಚುಕಡಿಮೆ ಡಿ.ಸಿ. ಕರೆಂಟು.

ನಮ್ಮ ಹಳ್ಳಿಗಳ ಕಡೆ ‘ಟಿ.ಸಿ.’ ಎನ್ನುವ ಪೆಟ್ಟಿಗೆಯಿಂದ ಹಿಡಿದು ಸಬ್‌ಸ್ಟೇಷನ್ನಿನ ನೂರಾರು ಟನ್ ತೂಕದ ಯಂತ್ರದವರೆಗೆ ಎಲ್ಲ ಟ್ರಾನ್ಸ್‌ಫಾರ್ಮರುಗಳೂ ಎ.ಸಿ.ಗೆಂದೇ ಹುಟ್ಟಿದವು. ಒಳಗಿನ ಉಕ್ಕಿನ ಕೋರ್‌ನಲ್ಲಿ ಕಾಂತತ್ವ ಸೆಕೆಂಡಿಗೆ 50 ಸಲ (ಅಮೆರಿಕ, ಕೆನಡಾಗಳಲ್ಲಿ 60 ಸಲ) ಅತ್ತಿಂದಿತ್ತ ಹೊರಳುತ್ತಿರುತ್ತದೆ. ಕೋರನ್ನು ಅದರ ಮಿತಿಯ ಹತ್ತಿರದವರೆಗೂ ದುಡಿಸುವಂತೆ ವಿನ್ಯಾಸ ಮಾಡಿರುತ್ತಾರೆ, ಉಕ್ಕು ದುಬಾರಿ ನೋಡಿ. ಅದರ ಮೇಲೆ ಡಿ.ಸಿ. ಸೇರಿತೆಂದರೆ ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದಂತೆ. ಪ್ರತಿ ಸುತ್ತಿನ ಅರ್ಧ ಭಾಗದಲ್ಲಿ ಕೋರ್ ಹಿಡಿಸಲಾರದ ಕಾಂತತ್ವ ಹೊರಚೆಲ್ಲಿ ಟ್ಯಾಂಕಿನ ಗೋಡೆ, ಬೋಲ್ಟು, ಚೌಕಟ್ಟುಗಳನ್ನು ಕಾಯಿಸುತ್ತದೆ. ಸುರುಳಿಗೆ ಸುತ್ತಿದ ಕಾಗದ ಕರಕಲಾಗುತ್ತದೆ, ಎಣ್ಣೆ ಕೆಡುತ್ತದೆ. ಜೊತೆಗೆ ಕರೆಂಟಿನ ಅಲೆಯ ಆಕಾರವೇ ವಿಕಾರವಾಗಿ ಗ್ರಿಡ್ಡಿನಲ್ಲಿ ‘ಹಾರ್ಮೋನಿಕ್ಸ್’ ಎಂಬ ಬೇಡದ ಅಲೆಗಳು ತುಂಬಿಕೊಳ್ಳುತ್ತವೆ.

ಇದನ್ನು ನೋಡಲು ಬಾಂಬೇ ಬೇಕಿಲ್ಲ, ಸೂರ್ಯನೇ ಸಾಕು. 1989ರ ಮಾರ್ಚ್ 13ರ ನಸುಕಿನ 2.44ಕ್ಕೆ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಆದದ್ದು ಇದೇ. ಸೂರ್ಯನಿಂದ ಚಿಮ್ಮಿದ ಪ್ಲಾಸ್ಮಾ ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿತು. ಅಲ್ಲಿನ ನೆಲವೆಲ್ಲ ವಿದ್ಯುತ್ತನ್ನು ಸುಲಭವಾಗಿ ಬಿಟ್ಟುಕೊಡದ ಪುರಾತನ ಅಗ್ನಿಶಿಲೆ, ಹಾಗಾಗಿ ಕರೆಂಟು ಜೇಮ್ಸ್ ಕೊಲ್ಲಿಯ ಜಲವಿದ್ಯುತ್ತನ್ನು ತರುವ 735 ಕಿಲೋವೋಲ್ಟ್ ಲೈನುಗಳನ್ನೇ ಹುಡುಕಿಕೊಂಡು ಬಂತು. ವೋಲ್ಟೇಜನ್ನು ಸ್ಥಿರವಾಗಿಡುವ ಏಳು ಉಪಕರಣಗಳ ರಿಲೇಗಳು ಹಾರ್ಮೋನಿಕ್ಸನ್ನು ದೋಷವೆಂದು ತಿಳಿದು ಒಂದರ ಹಿಂದೊಂದು ಟ್ರಿಪ್ ಆದವು. ಒಂದೂವರೆ ನಿಮಿಷದಲ್ಲಿ ಇಡೀ ಗ್ರಿಡ್ ಕುಸಿಯಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲೆಯಲ್ಲಿ, ಮಾರ್ಚಿನ ಚಳಿಯಲ್ಲಿ ಕಳೆದರು. ಅದೇ ಸೌರ ಬಿರುಗಾಳಿ ಅಮೆರಿಕದ ನ್ಯೂಜೆರ್ಸಿಯ ಸೇಲಂ ಅಣುಸ್ಥಾವರದ ಟ್ರಾನ್ಸ್‌ಫಾರ್ಮರನ್ನು ಸುಟ್ಟುಹಾಕಿತು. ಗಮನಿಸಬೇಕಾದದ್ದು ಇಷ್ಟು: ಕ್ವಿಬೆಕ್ಕನ್ನು ಕತ್ತಲೆಗೆ ತಳ್ಳಿದ್ದು ಸುಟ್ಟ ಯಂತ್ರವಲ್ಲ, ಅತಿ ಎಚ್ಚರದ ರಕ್ಷಣಾ ವ್ಯವಸ್ಥೆ.

ಹೀಗಾಗಿ ಅಲ್ಲಿ ದುರಸ್ತಿ ಶುರುವಾದದ್ದೂ ಅಲ್ಲಿಂದಲೇ. ರಿಲೇಗಳ ಸೆಟ್ಟಿಂಗ್ ಬದಲಿಸಿ, ಸುಮ್ಮಸುಮ್ಮನೆ ಟ್ರಿಪ್ ಆಗದಂತೆ ಮಾಡಿದರು. ಉದ್ದದ ಲೈನುಗಳಲ್ಲಿ ಸರಣಿ ಕೆಪಾಸಿಟರುಗಳನ್ನು ಕೂರಿಸಿದರು. ಕೆಪಾಸಿಟರ್ ಎ.ಸಿ.ಯನ್ನು ಬಿಡುತ್ತದೆ, ಡಿ.ಸಿ.ಯನ್ನು ತಡೆಯುತ್ತದೆ. ಅದೇ ತತ್ವದ ಮೇಲೆ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಮತ್ತು ನೆಲದ ನಡುವೆ ಹಾಕುವ ತಡೆಗಳೂ ಈಗ ಇವೆ. ಬಾಂಬಿನ ಮೂರನೆಯ ಹೊಡೆತವೂ ಸೂರ್ಯನ ಹೊಡೆತವೂ ಒಂದೇ ಜಾತಿಯವು. ಸೂರ್ಯನಿಗೆಂದು ಹಾಕಿದ ತಡೆ ಬಾಂಬಿಗೂ ಅಷ್ಟರಮಟ್ಟಿಗೆ ಆದೀತು. ಸೂರ್ಯನಂತೂ ಬಂದೇ ಬರುತ್ತಾನೆ, ಆದ್ದರಿಂದ ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಮೊದಲ, ಮಿಂಚಿನ ವೇಗದ ಹೊಡೆತಕ್ಕೆ ಬೇರೆಯೇ ಔಷಧ. ಮೈಕೆಲ್ ಫ್ಯಾರಡೆ 1836ರಲ್ಲಿ ತೋರಿಸಿಕೊಟ್ಟ ಲೋಹದ ಪಂಜರವೇ ಇಂದಿಗೂ ಆಧಾರ. ಕಂಟ್ರೋಲ್ ರೂಮಿನ ಸುತ್ತ ಉಕ್ಕಿನ ಹಾಳೆಗಳನ್ನು ಸಂದಿಲ್ಲದಂತೆ ವೆಲ್ಡ್ ಮಾಡಬೇಕು, ಬಾಗಿಲಿನ ಅಂಚಿಗೆ ಲೋಹದ ಸ್ಪ್ರಿಂಗು ಬೆರಳುಗಳನ್ನು ಕೂರಿಸಬೇಕು, ಗಾಳಿಯ ಕಿಂಡಿಗೆ ಲೋಹದ ಜೇನುಹುಟ್ಟಿನ ಜಾಲರಿ ಹಾಕಬೇಕು. ಇಷ್ಟು ಮಾಡಿ, ಗೋಡೆ ತೂರಿ ಬರುವ ಒಂದು ಕೇಬಲ್ಲನ್ನು ಹಾಗೇ ಬಿಟ್ಟರೆ ಎಲ್ಲವೂ ವ್ಯರ್ಥ, ಅಲೆ ಅದನ್ನು ಹಿಡಿದೇ ಒಳಗೆ ಬರುತ್ತದೆ. ಒಳಬರುವ ತಂತಿಗೆಲ್ಲ ಫಿಲ್ಟರು, ವೇಗದ ಸರ್ಜ್ ಅರೆಸ್ಟರು ಬೇಕು. ಸಾಧ್ಯವಾದಲ್ಲಿ ತಂತಿಯನ್ನೇ ತೆಗೆದು ಆಪ್ಟಿಕಲ್ ಫೈಬರ್ ಎಳೆದರೆ ಇನ್ನೂ ಒಳ್ಳೆಯದು, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ.

ಸಿನಿಮಾಗಳಲ್ಲಿ ಇಎಂಪಿ ಬಂದೊಡನೆ ರಸ್ತೆಯ ಕಾರುಗಳೆಲ್ಲ ಒಮ್ಮೆಗೇ ನಿಂತುಬಿಡುತ್ತವೆ. ಅಮೆರಿಕದ ಇಎಂಪಿ ಆಯೋಗ 37 ಕಾರುಗಳನ್ನು ಪರೀಕ್ಷೆಗೆ ಒಡ್ಡಿದಾಗ ಹೆಚ್ಚಿನವು ಓಡುವ ಸ್ಥಿತಿಯಲ್ಲೇ ಉಳಿದವು. ಉದ್ದದ ತಂತಿಗೆ ಅಂಟಿಕೊಂಡಿರದ ಪುಟ್ಟ ವಸ್ತುವಿಗೆ ಅಪಾಯ ಕಡಿಮೆ.

ಭಾರತ ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಸೌರ ಬಿರುಗಾಳಿಯ ಕರೆಂಟು ಇಲ್ಲಿ ಕೆನಡಾದಷ್ಟು ಕಾಡುವುದಿಲ್ಲ. ಹಾಗೆಂದು ನಾವು ಪೂರ್ತಿ ಹೊರಗಿಲ್ಲ. 1859ರ ಮಹಾಬಿರುಗಾಳಿಯಲ್ಲಿ ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ಸುಮಾರು 1,600 ನ್ಯಾನೋಟೆಸ್ಲಾ ಇಳಿತ ದಾಖಲಿಸಿದೆ. ಆಗ ನಮ್ಮಲ್ಲಿ ಗ್ರಿಡ್ ಇರಲಿಲ್ಲ. ಈಗ ರಾಯಚೂರು-ಸೋಲಾಪುರ 765 ಕಿಲೋವೋಲ್ಟ್ ಲೈನು 2013ರ ಕೊನೆಯ ದಿನ ದಕ್ಷಿಣದ ಗ್ರಿಡ್ಡನ್ನು ಉಳಿದ ದೇಶಕ್ಕೆ ಬೆಸೆದಿದೆ. ಮುನ್ಸೂಚನೆಗೆಂದು ಭೂಮಿಯಿಂದ 15 ಲಕ್ಷ ಕಿ.ಮೀ. ಆಚೆ ಭಾರತದ ಉಪಗ್ರಹ ಆದಿತ್ಯ-ಎಲ್1 ನಿಂತಿದೆ, ಸೂರ್ಯನ ಕರೋನಾ ನೋಡುವ ಅದರ ಉಪಕರಣ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯದು. ಆ ದೂರದಲ್ಲಿ ಪ್ಲಾಸ್ಮಾ ಉಪಗ್ರಹವನ್ನು ದಾಟಿದ ಮೇಲೆ ಗ್ರಿಡ್ ನಡೆಸುವವರಿಗೆ ಸಿಗುವುದು ಕಾಲು ಗಂಟೆಯಿಂದ ಒಂದು ಗಂಟೆಯ ಬಿಡುವು. ಲೈನುಗಳ ಹೊರೆ ಇಳಿಸಲು, ರಿಪೇರಿಗೆ ಬಿಚ್ಚಿಟ್ಟದ್ದನ್ನು ಮತ್ತೆ ಜೋಡಿಸಲು ಅಷ್ಟು ಸಾಕು.

ಬಾಂಬು ಅಷ್ಟು ಹೊತ್ತು ಕೊಡುವುದಿಲ್ಲ. ಆಗ ಮುಖ್ಯವಾಗುವುದು, ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಬದಲಿ ಎಲ್ಲಿದೆ ಎಂಬ ಪ್ರಶ್ನೆ. ಇವು ಅಂಗಡಿಯಲ್ಲಿ ಸಿಗುವ ಸರಕಲ್ಲ. ಆರ್ಡರ್ ಕೊಟ್ಟು ವರ್ಷಗಟ್ಟಲೆ ಕಾಯಬೇಕು, ಸಾಗಿಸಲು ವಿಶೇಷ ರೈಲು ವ್ಯಾಗನ್ ಬೇಕು. ಅಮೆರಿಕದವರು 2012ರಲ್ಲಿ ಒಂದು ಪ್ರಯೋಗ ಮಾಡಿದರು. ಒಂದೇ ದೈತ್ಯನ ಬದಲು ರಸ್ತೆಯಲ್ಲಿ ಒಯ್ಯಬಹುದಾದ ಮೂರು ಸಿಂಗಲ್ ಫೇಸ್ ಘಟಕಗಳನ್ನು ಮಾಡಿ, ಸೇಂಟ್ ಲೂಯಿಸ್‌ನಿಂದ ಟ್ರಕ್ಕುಗಳಲ್ಲಿ ಹೂಸ್ಟನ್ನಿಗೆ ತಂದು, ಒಂದು ವಾರದೊಳಗೆ ಜೋಡಿಸಿ ಗ್ರಿಡ್ಡಿಗೆ ಕರೆಂಟು ಹರಿಸಿದರು.