ಚಿತ್ರದುರ್ಗದ ವಕೀಲರೊಬ್ಬರ ಶಾಸನಸಭಾ ಜೀವನ

ಕರ್ನಾಟಕದ ಏಕೀಕರಣವನ್ನು ನಾವು ಸಾಮಾನ್ಯವಾಗಿ ಆಯೋಗಗಳ ವರದಿಗಳಿಂದಲೂ ಸಮ್ಮೇಳನಗಳ ನಿರ್ಣಯಗಳಿಂದಲೂ ಅರಿಯುತ್ತೇವೆ. ಒಬ್ಬ ವ್ಯಕ್ತಿಯು ಯಾವ ಯಾವ ಕ್ಷೇತ್ರಗಳಿಂದ ಚುನಾಯಿತನಾದನೆಂಬ ವಿವರವೂ ಅದಕ್ಕೆ ಒಂದು ಆಧಾರವಾಗಬಲ್ಲುದು. ಶ್ರೀ ಎಸ್. ನಿಜಲಿಂಗಪ್ಪನವರ ಜೀವನ ಇದಕ್ಕೆ ಒಳ್ಳೆಯ ನಿದರ್ಶನ.

ಅವರು ಹುಟ್ಟಿದ್ದು 1902ರಲ್ಲಿ, ಅಂದಿನ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯ ಹಲುವಾಗಲು ಗ್ರಾಮದಲ್ಲಿ. ಪದವಿಯನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೂ ಕಾನೂನನ್ನು ಮುಂಬಯಿ ಪ್ರಾಂತ್ಯದ ಪುಣೆಯಲ್ಲಿಯೂ ಓದಿ, ಮೈಸೂರು ಸಂಸ್ಥಾನದ ಚಿತ್ರದುರ್ಗದಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡರು. ಹೀಗೆ ಮೂರು ಆಡಳಿತಗಳ ಪರಿಚಯ ಅವರಿಗೆ ಯೌವನದಲ್ಲಿಯೇ ಆಯಿತು.

ಜಿಲ್ಲಾ ಕೇಂದ್ರದ ವಕೀಲನು ಹಳ್ಳಿಗೂ ಸರ್ಕಾರಕ್ಕೂ ನಡುವೆ ನಿಂತವನು. ಹೊಲದ ಎಲ್ಲೆ, ಸಾಲದ ಪತ್ರ, ಕಂದಾಯದ ತಕರಾರು ಇವೆಲ್ಲ ಅವನ ಬಳಿಗೆ ಬರುತ್ತವೆ. ಆದರೆ 1939ರಲ್ಲಿ ತುರುವನೂರಿನ ಸತ್ಯಾಗ್ರಹಿಗಳು ಹೆಂಡವಿಳಿಸುವ ಈಚಲು ಮರಗಳನ್ನು ಕಡಿಯಲು ಹೊರಟಾಗ, ಕಾನೂನನ್ನೇ ಜೀವನೋಪಾಯವಾಗಿ ಉಳ್ಳ ಈ ವಕೀಲರು ಕಾನೂನುಭಂಗದ ಪಕ್ಷವನ್ನು ವಹಿಸಿದರು, ಸೆರೆಮನೆಯನ್ನೂ ಕಂಡರು.

ಸಂವಿಧಾನ ರಚನಾಸಭೆಗೆ ಅವರು ಬಂದುದು ಮೈಸೂರಿನಿಂದಲ್ಲ, ಮುಂಬಯಿ ಪ್ರಾಂತ್ಯದಿಂದ. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು. ಹಳೆಯ ಮೈಸೂರಿನ ಅನೇಕರಿಗೆ ಏಕೀಕರಣವು ಹಿತವಾಗಿರಲಿಲ್ಲ. ಹಿಂದುಳಿದ ಪ್ರದೇಶಗಳ ಹೊರೆ ತಮ್ಮ ಮೇಲೆ ಬೀಳುವುದೆಂದೂ ರಾಜಕೀಯ ಬಲ ತಮ್ಮ ಕೈತಪ್ಪುವುದೆಂದೂ ಅವರು ಶಂಕಿಸಿದ್ದರು. ನಿಜಲಿಂಗಪ್ಪನವರು ಏಕೀಕರಣದ ಪರವಾಗಿ ನಿಂತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಅದರ ಮೊದಲ ಮುಖ್ಯಮಂತ್ರಿಗಳಾದರು.

ನಿಜವಾದ ಪರೀಕ್ಷೆ ಬಂದುದು 1962ರಲ್ಲಿ. ತಮ್ಮ ಜಿಲ್ಲೆಯ ಹೊಸದುರ್ಗದಲ್ಲಿಯೇ ಅವರು ಸೋತರು. ಶ್ರೀ ಎಸ್. ಆರ್. ಕಂಠಿಯವರು ಸುಮಾರು ಮೂರು ತಿಂಗಳು ಮುಖ್ಯಮಂತ್ರಿಗಳಾಗಿದ್ದರು. ಅಷ್ಟರಲ್ಲಿ ನಿಜಲಿಂಗಪ್ಪನವರು ಹಿಂದೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಗೆದ್ದು ಅಧಿಕಾರವನ್ನು ಮರಳಿ ವಹಿಸಿಕೊಂಡರು. 1967ರಲ್ಲಿ ಧಾರವಾಡ ಜಿಲ್ಲೆಯ ಶಿಗ್ಗಾವಿ ಅವರನ್ನು ಆರಿಸಿತು.

ಪಕ್ಷದ ಬಲ, ಸುರಕ್ಷಿತ ಕ್ಷೇತ್ರದ ಅನ್ವೇಷಣೆ ಇವೂ ಇದಕ್ಕೆ ಕಾರಣವೆಂಬುದನ್ನು ಮರೆಯಲಾಗದು. ಆದರೂ ಹತ್ತು ವರ್ಷಗಳ ಹಿಂದೆ ಚಿತ್ರದುರ್ಗದ ವಕೀಲರೊಬ್ಬರು ಬಾಗಲಕೋಟೆಯ ಪ್ರತಿನಿಧಿಯಾಗಿ ಬೆಂಗಳೂರಿನ ಶಾಸನಸಭೆಯಲ್ಲಿ ಕುಳಿತುಕೊಳ್ಳುವುದು ಸಾಧ್ಯವೇ ಇರಲಿಲ್ಲ. ತಾವು ಬಯಸಿದ ಏಕೀಕೃತ ರಾಜ್ಯವೇ, ತವರು ಜಿಲ್ಲೆ ಕೈಬಿಟ್ಟಾಗ, ಅವರಿಗೆ ಆಶ್ರಯವಾಯಿತು.

ಅವರು 2000ದಲ್ಲಿ ಚಿತ್ರದುರ್ಗದಲ್ಲಿ ನಿಧನರಾದರು. ಏಕೀಕರಣವು ಭೂಪಟದಿಂದ ಮತದಾರನ ಮನಸ್ಸಿಗೆ ಎಷ್ಟರಮಟ್ಟಿಗೆ ಇಳಿಯಿತೆಂಬುದನ್ನು ಅರಿಯಬಯಸುವ ವಿದ್ಯಾರ್ಥಿಯು ಇಂತಹ ಪ್ರತಿನಿಧಿಗಳ ಕ್ಷೇತ್ರಾಂತರಗಳನ್ನು ಗಮನಿಸುವುದು ಯುಕ್ತ.