ಚೆಂಡು ಕುಣಿಸುವುದೂ ಪಾಠವೇ

ಪಿಯುಸಿ ಮುಗಿಸಿ ಆನಿಮೇಷನ್ ಕೋರ್ಸಿಗೆ ಸೇರಿದ ಮಗನೋ ಮಗಳೋ ವಾರವಿಡೀ ಕಂಪ್ಯೂಟರಿನಲ್ಲಿ ಒಂದೇ ಚೆಂಡು ಕುಣಿಸ್ತಾ ಕೂತರೆ ನಮಗೆ ಸಿಟ್ಟು ಬರುತ್ತದೆ. ‘ಫೀಸು ಕಟ್ಟಿದ್ದು ಇದಕ್ಕಾ?’ ಅಂತ ಕೇಳಿಬಿಡುತ್ತೇವೆ.

ಸ್ವಲ್ಪ ತಾಳೋಣ. ಈ ವಿದ್ಯೆಯ ಮೊದಲ ಪಾಠವೇ ಅದು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಚೆಂಡು ಮೇಲೇರಿ ನಿಧಾನವಾಗುವಲ್ಲಿ ಚಿತ್ರಗಳು ಒತ್ತೊತ್ತಾಗಿ, ವೇಗವಾಗಿ ಬೀಳುವಲ್ಲಿ ದೂರ ದೂರ ಇರಬೇಕು. ತಪ್ಪಿದರೆ ಚೆಂಡಿಗೆ ಭಾರವೇ ಇಲ್ಲದಂತೆ ಕಾಣುತ್ತದೆ. ಡಿಸ್ನಿಯ ಫ್ರಾಂಕ್ ಥಾಮಸ್, ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ ಬರೆದ 12 ಸೂತ್ರಗಳಲ್ಲಿ ಇದೂ ಸೇರಿದೆ. ಜಾಹೀರಾತಿನ ಅಕ್ಷರ, ಅಂಗಡಿಯ ಲೋಗೋ ಚಲಿಸುವುದೂ ಇದೇ ಲೆಕ್ಕದಲ್ಲಿ.

ಈ ಕ್ಷೇತ್ರದಲ್ಲಿ ಸರ್ಟಿಫಿಕೇಟಿಗಿಂತ ಶೋರೀಲ್, ಅಂದರೆ ಮಾಡಿದ ಕೆಲಸಗಳ ಪುಟ್ಟ ವೀಡಿಯೊ, ಹೆಚ್ಚು ಮಾತಾಡುತ್ತದೆ. ಆದ್ದರಿಂದ ಸೇರಿಸುವ ಮುಂಚೆ ನಾವು ಕೇಳಬೇಕಾದ್ದು ಎರಡೇ: ಮಕ್ಕಳು ಸ್ವತಃ ಎಷ್ಟು ಪ್ರಾಜೆಕ್ಟ್ ಮಾಡುತ್ತಾರೆ? ತಪ್ಪು ತಿದ್ದುವವರು ಯಾರು? ಸಾಲ ಮಾಡುವ ಮೊದಲು ಉಚಿತವಾಗಿ ಸಿಗುವ ಬ್ಲೆಂಡರ್‌ನಲ್ಲಿ ಒಂದು ತಿಂಗಳು ಕೂತು ನೋಡಲಿ.

ಈಗಾಗಲೇ ಕಲೀತಿರುವ ಮಕ್ಕಳಿಗೆ ಇಂದು ಸಂಜೆ ಗದರುವುದು ಬೇಡ. ‘ಎಲ್ಲಿ, ನಿನ್ನ ಚೆಂಡು ತೋರಿಸು’ ಅನ್ನೋಣ.